ಇರುವೆಯ ಮನೆಯ ಅತಿಥಿಗಳು

ಸಕ್ಕರೆ ಡಬ್ಬಿಗೆ ಇರುವೆ ಮುತ್ತಿತೆಂದು ಗೊಣಗದ ಮನೆ ಯಾವುದಿದೆ? ಮುಚ್ಚಳವನ್ನು ಬಿಗಿಮಾಡುತ್ತೇವೆ, ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡುತ್ತೇವೆ, ಗೋಡೆಯ ಬಿರುಕಿಗೆ ಅರಿಸಿನದ ಪುಡಿ ಉದುರಿಸುತ್ತೇವೆ. ಮರುದಿನ ಬೆಳಿಗ್ಗೆ ನೋಡಿದರೆ ಇರುವೆಗಳ ಸಾಲು ಬೇರೊಂದು ದಾರಿ ಹಿಡಿದು ಮತ್ತೆ ಅಲ್ಲಿಗೇ ಬಂದಿರುತ್ತದೆ. ಹೀಗೆ ಕರೆಯದೆ ಬಂದು ಪಾಲು ಕೇಳುವ ಈ ಇರುವೆಗಳ ಮನೆಗೂ ಕರೆಯದೆ ಬರುವವರಿದ್ದಾರೆ. ಬಂದವರು ಉಂಡು ತಿಂದು ಅಲ್ಲಿಯೇ ಸಂಸಾರ ಹೂಡುತ್ತಾರೆ. ಕೆಲವರಂತೂ ಮನೆಯ ಮಕ್ಕಳಿಗಿಂತ ಹೆಚ್ಚಿನ ಉಪಚಾರ ಪಡೆಯುತ್ತಾರೆ. ಇದನ್ನು ಕೇಳಿ ನಮ್ಮ ಗೃಹಿಣಿಯರಿಗೆ ಸ್ವಲ್ಪ ಸಮಾಧಾನವಾದೀತೋ ಏನೋ!

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತೆಂಬ ಮಾತು ನಮ್ಮಲ್ಲಿ ಹಳೆಯದು. ಅಲ್ಲಿ ಬಂದು ಸೇರಿದವನು ನಮ್ಮ ಕಣ್ಣಿಗೆ ಬೀಳುವಷ್ಟು ದೊಡ್ಡವನು. ಇರುವೆಯ ಗೂಡನ್ನು ಸೇರುವವರಾದರೋ ಸಾಸಿವೆ ಕಾಳಿನಷ್ಟು, ಜೀರಿಗೆಯಷ್ಟು, ಹೆಚ್ಚೆಂದರೆ ಅಕ್ಕಿ ಕಾಳಿನಷ್ಟು ಗಾತ್ರದ ಜೀವಿಗಳು. ದುಂಬಿಗಳು, ನುಸಿಗಳು, ಜೇಡಗಳು, ರೆಕ್ಕೆಯಿಲ್ಲದ ಚಿಮ್ಮಂಡೆಗಳು, ಚಿಟ್ಟೆಯ ಕಂಬಳಿಹುಳುಗಳು, ಏಡಿ ಸಿಗಡಿಗಳ ದೂರದ ಬಂಧುಗಳು, ಹೀಗೆ ಅವುಗಳ ಪಟ್ಟಿ ಬೆಳೆಯುತ್ತದೆ. ಇವೆಲ್ಲ ಕೀಲುಕೀಲಾದ ಕಾಲುಗಳುಳ್ಳ ಪ್ರಾಣಿಗಳು; ವಿಜ್ಞಾನಿಗಳು ಇವನ್ನು ಒಟ್ಟಾಗಿ ಸಂಧಿಪದಿಗಳೆಂದು ಕರೆಯುತ್ತಾರೆ. ಎರಿಕ್ ವಾಸ್ಮನ್ (1859–1931) ಎಂಬ ಜೆಸ್ವಿಟ್ ಪಾದ್ರಿ ತಮ್ಮ ಜೀವಮಾನದ ಬಹುಭಾಗವನ್ನು ಇಂತಹ ಅತಿಥಿಗಳನ್ನು ಹುಡುಕುವುದರಲ್ಲಿಯೇ ಕಳೆದರು. 1894ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಇರುವೆಯ ಗೂಡುಗಳಲ್ಲಿ ವಾಸಿಸುವ 1,200ಕ್ಕೂ ಹೆಚ್ಚು ಜಾತಿಯ ಜೀವಿಗಳ ಹೆಸರುಗಳಿದ್ದವು. ಆಮೇಲೆ ಆ ಪಟ್ಟಿ ಎಷ್ಟೋ ಪಾಲು ಬೆಳೆದಿದೆ.

ಇರುವೆಯ ಗೂಡಿಗೇ ಏಕೆ ಬರಬೇಕು ಎಂದು ನೀವು ಕೇಳಬಹುದು. ಒಂದು ಕ್ಷಣ ಪುಟ್ಟ ಹುಳುವಿನ ಕಡೆಯಿಂದ ಯೋಚಿಸಿ ನೋಡಿ. ಹೊರಗೆ ಹಕ್ಕಿ ಇದೆ, ಹಲ್ಲಿ ಇದೆ, ಕಪ್ಪೆ ಇದೆ. ಬಿಸಿಲಿಗೆ ಮೈ ಒಣಗುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ. ಇರುವೆಯ ಗೂಡಿನೊಳಗಾದರೋ ಹದವಾದ ಶಾಖ, ಹದವಾದ ತೇವ. ಉಗ್ರಾಣದಲ್ಲಿ ಸಾಕಷ್ಟು ಕಾಳುಕಡಿ. ತೊಟ್ಟಿಲ ಕೋಣೆಗಳಲ್ಲಿ ಮೊಟ್ಟೆ, ಮರಿ, ಕೋಶಗಳ ರಾಶಿ. ಬಾಗಿಲಲ್ಲಿ ಹಗಲಿರುಳು ಪಹರೆ. ಒಳಗೆ ಮೂಲೆಮೂಲೆಯನ್ನೂ ಗುಡಿಸಿ ಚೊಕ್ಕಟವಾಗಿಡುವ ಸಾವಿರಾರು ಊಳಿಗದವರು. ಇಂತಹ ಕೋಟೆಯೊಳಗೆ ಒಮ್ಮೆ ಜಾಗ ಸಿಕ್ಕಿದರೆ ಅದಕ್ಕಿಂತ ಸುಖವಾದ ಬದುಕು ಎಲ್ಲಿದೆ? ಕಷ್ಟವೆಲ್ಲ ಇರುವುದು ಆ ಬಾಗಿಲನ್ನು ದಾಟುವುದರಲ್ಲಿ. ಏಕೆಂದರೆ ಹೊರಗಿನವನು ಸಿಕ್ಕಿದರೆ ಕಚ್ಚಿ, ಎಳೆದು, ಆಮ್ಲ ಚಿಮ್ಮಿಸಿ ಕೊಲ್ಲುವುದೇ ಇರುವೆಗಳ ನಿಯಮ. ಪಕ್ಕದ ಗೂಡಿನ ಇರುವೆ ಅದೇ ಜಾತಿಯದಾದರೂ ಸಾಮಾನ್ಯವಾಗಿ ಅದಕ್ಕೂ ಕ್ಷಮೆಯಿಲ್ಲ.

ಹಾಗಾದರೆ ತನ್ನವರು ಯಾರು, ಹೊರಗಿನವರು ಯಾರು ಎಂದು ಇರುವೆ ತಿಳಿಯುವುದು ಹೇಗೆ? ಇಂಗ್ಲೆಂಡಿನ ಸರ್ ಜಾನ್ ಲಬಕ್ ಎಂಬವರಿಗೆ ಈ ಪ್ರಶ್ನೆ ಬಹಳವಾಗಿ ಕಾಡಿತು. ಸಿಪಾಯಿಗಳಂತೆ ಇರುವೆಗಳೂ ಏನಾದರೂ ಗುಟ್ಟಿನ ಸಂಕೇತವನ್ನು ಹೇಳಿ ಒಳಗೆ ಬರುತ್ತವೆಯೇ ಎಂದು ಪರೀಕ್ಷಿಸಲು ಅವರು ಒಂದು ವಿನೋದವಾದ ಉಪಾಯ ಮಾಡಿದರು. ಕೆಲವು ಇರುವೆಗಳಿಗೆ ಮದ್ಯಸಾರದಿಂದ ಅಮಲೇರಿಸಿ ಮೈಮೇಲೆ ಎಚ್ಚರವಿಲ್ಲದಂತೆ ಮಾಡಿದರು. ಅವುಗಳಲ್ಲಿ ಕೆಲವು ಆ ಗೂಡಿನವೇ, ಕೆಲವು ಬೇರೆ ಗೂಡಿನವು. ನಾವು ಸಕ್ಕರೆ ಡಬ್ಬಿಗೆ ಮಾಡುವಂತೆ ಸುತ್ತಲೂ ನೀರಿನ ಕಾಲುವೆಯಿದ್ದ ಹಲಗೆಯ ಮೇಲೆ ಎರಡನ್ನೂ ಇಟ್ಟು ಕಾದರು. ಎಚ್ಚರವಾಗಿದ್ದ ಇರುವೆಗಳು ಬಂದು ಮೂಸಿ ನೋಡಿದವು, ಸ್ವಲ್ಪ ಹೊತ್ತು ತಬ್ಬಿಬ್ಬಾದವು. ಕೊನೆಗೆ ತಮ್ಮವರಲ್ಲಿ ಹೆಚ್ಚಿನವರನ್ನು ಎತ್ತಿಕೊಂಡು ಮನೆಗೆ ಸಾಗಿಸಿದವು. ಹೊರಗಿನವರಲ್ಲಿ ಹೆಚ್ಚಿನವರನ್ನು ಕಾಲುವೆಯ ನೀರಿಗೆ ಎಸೆದವು. ಎಚ್ಚರ ತಪ್ಪಿ ಬಿದ್ದವನು ಸಂಕೇತ ಹೇಳಲಾರನಷ್ಟೆ! 1882ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ಪ್ರಯೋಗಗಳ ವಿವರವಿದೆ.

ಆ ಗುರುತು ಯಾವುದೆಂಬುದು ಈಗ ನಮಗೆ ಚೆನ್ನಾಗಿ ಗೊತ್ತಿದೆ. ಇರುವೆಯ ಮೈಮೇಲೆ ಮೇಣದಂತಹ ಒಂದು ತೆಳುವಾದ ಲೇಪವಿರುತ್ತದೆ. ಮೈಯ ತೇವ ಆರದಂತೆ ಕಾಯುವುದು ಅದರ ಒಂದು ಕೆಲಸ. ಅದರಲ್ಲಿರುವ ಹಲವು ಬಗೆಯ ಎಣ್ಣೆಯಂಶಗಳ ಪ್ರಮಾಣ ಗೂಡಿನಿಂದ ಗೂಡಿಗೆ ಬೇರೆ. ಒಂದೇ ಸಾಮಾನು ಹಾಕಿದರೂ ಮನೆಮನೆಯ ಸಾರಿನ ಪರಿಮಳ ಬೇರೆಯಾಗುವುದಿಲ್ಲವೇ, ಹಾಗೆ. ಒಂದೇ ಗೂಡಿನ ಇರುವೆಗಳು ಒಂದನ್ನೊಂದು ನೆಕ್ಕಿ, ಮೈಗೆ ಮೈ ತಾಗಿಸಿ, ಬಾಯಿಂದ ಬಾಯಿಗೆ ಆಹಾರ ಹಂಚಿಕೊಂಡು ಈ ವಾಸನೆಯನ್ನು ಎಲ್ಲರಿಗೂ ಸಮನಾಗಿ ಹಚ್ಚಿಕೊಂಡಿರುತ್ತವೆ. ಕತ್ತಲೆಯ ಗೂಡಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ಎದುರಿಗೆ ಬಂದವರನ್ನು ಕುಡಿಮೀಸೆಯಿಂದ ಸವರಿ ನೋಡುವುದೇ ಅಲ್ಲಿಯ ತಪಾಸಣೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರಿಂದ ಬಿಡಿಸಿಕೊಳ್ಳುವ ಒಗಟು. ರೂಪ ಹೇಗಾದರೂ ಇರಲಿ, ಇರುವೆಯ ಭಾಷೆ ಬಲ್ಲವನಿಗೆ ಇರುವೆಯ ಮನೆ ತೆರೆದಿದೆ. ಆ ಭಾಷೆಯ ಅಕ್ಷರಗಳು ಮೂರು: ವಾಸನೆ, ಸ್ಪರ್ಶ, ನಾದ.

ವಾಸ್ಮನ್ ಅವರು ಅತಿಥಿಗಳನ್ನು ಇರುವೆಗಳು ನಡೆಸಿಕೊಳ್ಳುವ ರೀತಿಗೆ ತಕ್ಕಂತೆ ವಿಂಗಡಿಸಿದರು. ಕೆಲವರನ್ನು ಕಂಡರೆ ಇರುವೆಗಳಿಗೆ ಆಗದು; ಅವರು ಅಡಗಿಕೊಂಡು, ಓಡಿ, ತಪ್ಪಿಸಿಕೊಂಡು ಬದುಕುವ ಕಳ್ಳರು. ಕೆಲವರನ್ನು ಇರುವೆಗಳು ಲಕ್ಷಿಸುವುದೇ ಇಲ್ಲ; ಅವರು ಛತ್ರದ ಮೂಲೆಯಲ್ಲಿ ಮಲಗಿದ ಪ್ರಯಾಣಿಕರಂತೆ. ಇನ್ನು ಕೆಲವರು ನಿಜವಾದ ಅತಿಥಿಗಳು. ಇರುವೆಗಳು ಅವರನ್ನು ನೆಕ್ಕುತ್ತವೆ, ಉಣಿಸುತ್ತವೆ, ಅಪಾಯ ಬಂದಾಗ ಎತ್ತಿಕೊಂಡು ಓಡುತ್ತವೆ.

ಲಕ್ಷಿಸದವರಿಂದಲೇ ಪ್ರಾರಂಭಿಸೋಣ. ಹೂವಿನ ಕುಂಡವನ್ನು ಎತ್ತಿದಾಗ ತೇವದ ಮಣ್ಣಿನಲ್ಲಿ ಏಳು ಜೊತೆ ಕಾಲಿನ, ಬೂದುಬಣ್ಣದ ಚಪ್ಪಟೆ ಜೀವಿಯೊಂದು ಸರಿದಾಡುವುದನ್ನು ನೀವು ಕಂಡಿರಬಹುದು. ಅದು ಹುಳುವಿನಂತೆ ಕಂಡರೂ ಏಡಿಯ ಬಳಗಕ್ಕೆ ಸೇರಿದ್ದು. ಯೂರೋಪಿನ ಇರುವೆ ಗೂಡುಗಳಲ್ಲಿ ಅದರ ಒಂದು ಬಿಳಿಯ ಜಾತಿ ಇದೆ. ಉದ್ದ ಮೂರು ನಾಲ್ಕು ಮಿಲಿಮೀಟರು. ತಲೆಮಾರುಗಳಿಂದ ಕತ್ತಲಲ್ಲೇ ಬಾಳಿ ಅದಕ್ಕೆ ಕಣ್ಣೂ ಇಲ್ಲ, ಬಣ್ಣವೂ ಇಲ್ಲ. ಇರುವೆಗಳ ಕಾಲಡಿಯಲ್ಲಿ ತಿರುಗುತ್ತ ಬೂಷ್ಟು, ಹಿಕ್ಕೆ, ಕಸ ತಿಂದು ಬದುಕುತ್ತದೆ. ಇರುವೆಗಳು ಅದನ್ನು ಹೊರಗೆ ಹಾಕುವುದೂ ಇಲ್ಲ, ಆದರಿಸುವುದೂ ಇಲ್ಲ. ನೋಡಿದರೆ ಅದು ಆ ಮನೆಗೆ ಒಂದು ಉಪಕಾರವನ್ನೇ ಮಾಡುತ್ತಿದೆ ಎನ್ನಬಹುದು.

ಕಳ್ಳರ ಗುಂಪಿನಲ್ಲಿ ಬಲು ಚುರುಕಾದವನೊಬ್ಬನಿದ್ದಾನೆ. ಹಳೆಯ ಪುಸ್ತಕಗಳ ನಡುವೆ ಮಿಂಚಿನಂತೆ ಓಡುವ ಬೆಳ್ಳಿಬಣ್ಣದ ಹುಳು ನಿಮಗೆ ಗೊತ್ತಷ್ಟೆ. ಇವನು ಅದರ ದಾಯಾದಿ. ಇವನ ಕಸುಬು ತಿಳಿಯಬೇಕಾದರೆ ಇರುವೆಗಳ ಊಟದ ಪದ್ಧತಿಯನ್ನು ತಿಳಿಯಬೇಕು. ಹೊರಗೆ ಹೋಗಿ ಸಿಹಿರಸ ಕುಡಿದು ಬಂದ ಇರುವೆ ಅದನ್ನೆಲ್ಲ ತಾನೇ ಅರಗಿಸಿಕೊಳ್ಳುವುದಿಲ್ಲ. ಹೊಟ್ಟೆಯ ಮುಂದಿನ ಒಂದು ಚೀಲದಲ್ಲಿ ಅದನ್ನು ತುಂಬಿಕೊಂಡು ಬಂದು, ಹಸಿದ ಸಂಗಾತಿ ಕುಡಿಮೀಸೆಯಿಂದ ತಟ್ಟಿ ಕೇಳಿದಾಗ ಒಂದು ಹನಿಯನ್ನು ಬಾಯಿಗೆ ತಂದು ಕೊಡುತ್ತದೆ. ಫ್ರಾನ್ಸಿನ ಚಾರ್ಲ್ಸ್ ಜಾನೆ ಎಂಬವರು ಗಾಜು ಹೊದಿಸಿದ ಕೃತಕ ಗೂಡುಗಳಲ್ಲಿ ಇರುವೆಗಳನ್ನು ಸಾಕಿ ಇದನ್ನು ನೋಡುತ್ತ ಕುಳಿತಿದ್ದಾಗ, 1896ರ ಸುಮಾರಿಗೆ, ಒಂದು ಸೊಗಸಾದ ಕಳ್ಳತನವನ್ನು ಕಂಡರು. ಎರಡು ಇರುವೆಗಳು ಮುಖಕ್ಕೆ ಮುಖ ಕೊಟ್ಟು ನಿಂತು ಹನಿಯನ್ನು ಹಂಚಿಕೊಳ್ಳುವ ಗಳಿಗೆಯಲ್ಲಿ ಈ ಬೆಳ್ಳಿಹುಳು ನಡುವೆ ನುಗ್ಗಿ, ಆ ಹನಿಯನ್ನು ಎಗರಿಸಿ, ಅವು ಬಾಯಿ ಬಿಡುವಷ್ಟರಲ್ಲಿ ಪರಾರಿಯಾಗುತ್ತದೆ. ಅದು ನಿಂತಲ್ಲಿ ನಿಲ್ಲುವುದೇ ಇಲ್ಲ. ನಿಂತರೆ ಅದರ ಆಯುಷ್ಯ ಮುಗಿಯಿತು.

ಅದೇ ಜಾನೆಯವರು ವಿವರಿಸಿದ ಇನ್ನೊಬ್ಬ ಅತಿಥಿ ಒಂದು ನುಸಿ. ಅದು ಓಡುವುದಿಲ್ಲ, ಸವಾರಿ ಮಾಡುತ್ತದೆ. ಒಂದೇ ನುಸಿಯಾದರೆ ಇರುವೆಯ ತಲೆಯ ಕೆಳಗೆ ನಡುಮಧ್ಯದಲ್ಲಿ ಅಂಟಿಕೊಳ್ಳುತ್ತದೆ. ಎರಡಾದರೆ ಬಲಕ್ಕೊಂದು ಎಡಕ್ಕೊಂದು. ಮೂರಾದರೆ ತಲೆಯಡಿ ಒಂದು, ಹೊಟ್ಟೆಯ ಎರಡು ಮಗ್ಗುಲಿಗೆ ಎರಡು. ಕಾವಡಿ ಹೊತ್ತವನು ಎರಡು ಕಡೆಯೂ ತೂಕ ಸರಿಮಾಡಿಕೊಳ್ಳುವಂತೆ ಹೊರೆ ಒಂದು ಕಡೆಗೆ ವಾಲದಂತೆ ಈ ನುಸಿಗಳು ಕುಳಿತುಕೊಳ್ಳುತ್ತವೆ. ಹೊರೆ ವಾಲದಿದ್ದರೆ ಹೊತ್ತವನೂ ಅದನ್ನು ಕಿತ್ತೊಗೆಯಲು ಹೆಚ್ಚು ಚಡಪಡಿಸುವುದಿಲ್ಲ. ಹಸಿವಾದಾಗ ನುಸಿ ತನ್ನ ಉದ್ದವಾದ ಮುಂಗಾಲುಗಳಿಂದ ಇರುವೆಯ ಬಾಯಿಯ ಹತ್ತಿರ ತಟ್ಟುತ್ತದೆ. ಅದು ಕುಡಿಮೀಸೆಯ ತಟ್ಟುವಿಕೆಯಂತೆಯೇ ಇರುವುದರಿಂದ ಇರುವೆ ತನ್ನ ಸಂಗಾತಿಯೇ ಕೇಳಿತೆಂದು ಹನಿಯನ್ನು ಕೊಟ್ಟುಬಿಡುತ್ತದೆ. ಇಲ್ಲಿ ಕೆಲಸ ಮಾಡಿದ್ದು ಸ್ಪರ್ಶದ ಭಾಷೆ.

ವಾಸನೆಯ ಭಾಷೆಯನ್ನು ಮೈಮೇಲೆಯೇ ಬರೆದುಕೊಳ್ಳುವುದು ಇರುವೆಯ ಗೂಡಿನ ಚಿಮ್ಮಂಡೆ. ಸಂಜೆಯಾದೊಡನೆ ಹಿತ್ತಿಲಲ್ಲಿ ಕಿರ್ರೆನ್ನುವ ಚಿಮ್ಮಂಡೆಯ ಕುಲದ್ದೇ ಆದರೂ ಇದಕ್ಕೆ ರೆಕ್ಕೆಯಿಲ್ಲ. ರೆಕ್ಕೆಯಿಲ್ಲದ್ದರಿಂದ ಹಾಡೂ ಇಲ್ಲ. ಉದ್ದ ಎರಡರಿಂದ ನಾಲ್ಕು ಮಿಲಿಮೀಟರು. ಇರುವೆಗಳ ಮೈಯನ್ನೂ ಗೂಡಿನ ಗೋಡೆಯನ್ನೂ ನೆಕ್ಕುತ್ತ, ಅವುಗಳಿಗೆ ಮೈ ತಾಗಿಸುತ್ತ ಇದು ಗೂಡಿನ ವಾಸನೆಯನ್ನೇ ಮೈಗೆ ಬಳಿದುಕೊಳ್ಳುತ್ತದೆ. ಒಂದು ಗೂಡಿನಿಂದ ತೆಗೆದು ಇನ್ನೊಂದಕ್ಕೆ ಬಿಟ್ಟರೆ ಮೊದಮೊದಲು ಇರುವೆಗಳು ಅಟ್ಟಿಸಿಕೊಂಡು ಬರುತ್ತವೆ. ಅದು ವಕ್ರವಕ್ರವಾಗಿ ಓಡಿ ತಪ್ಪಿಸಿಕೊಳ್ಳುತ್ತದೆ. ಸ್ವಲ್ಪ ಕಾಲ ಬದುಕುಳಿದರೆ ಹೊಸ ಮನೆಯ ವಾಸನೆ ಹತ್ತುತ್ತದೆ, ಆಮೇಲೆ ಅದೂ ಮನೆಯವರಲ್ಲಿ ಒಂದು. ಬೆಚ್ಚನೆಯ ನಾಡುಗಳ ಮನೆಗಳಲ್ಲಿ ಗೊತ್ತುಗುರಿಯಿಲ್ಲದಂತೆ ಅತ್ತಿತ್ತ ಓಡುವ ಉದ್ದ ಮೀಸೆಯ, ತೆಳು ಮೈಯ ಕಪ್ಪಿರುವೆಯೊಂದಿದೆಯಲ್ಲ, ಹಡಗಿನ ಸರಕಿನೊಂದಿಗೆ ಅದು ಲೋಕವನ್ನೆಲ್ಲ ಸುತ್ತಿದಾಗ ಅದರ ಜೊತೆಗೇ ಇಂತಹ ಒಂದು ಚಿಮ್ಮಂಡೆಯೂ ದೇಶದೇಶಗಳನ್ನು ಸುತ್ತಿತು.

ಮನೆ ಬದಲಾಯಿಸುವ ಸಮಯ ಬಂದಾಗ ಏನು ಮಾಡಬೇಕು? ಅಮೆರಿಕದ ಎಲೆ ಕತ್ತರಿಸುವ ಇರುವೆಗಳು ನೆಲದಡಿಯಲ್ಲಿ ಎಲೆಯ ಚೂರುಗಳ ಮೇಲೆ ಬೂಷ್ಟಿನ ತೋಟ ಮಾಡುತ್ತವೆ. ಆ ತೋಟಗಳಲ್ಲಿ ವಾಸಿಸುವ ಒಂದು ಪುಟ್ಟ ಜಿರಲೆಯನ್ನು ಟೆಕ್ಸಾಸ್ ಪ್ರಾಂತದಲ್ಲಿ ವಿಲಿಯಂ ಮಾರ್ಟನ್ ವೀಲರ್ ಎಂಬ ಪ್ರಖ್ಯಾತ ಇರುವೆ ವಿಜ್ಞಾನಿ 1900ರಲ್ಲಿ ಲೋಕಕ್ಕೆ ಪರಿಚಯ ಮಾಡಿಕೊಟ್ಟರು. ಮದುವೆಯ ದಿನ ರೆಕ್ಕೆಯ ರಾಣಿಯಿರುವೆ ಹೊಸ ಸಂಸಾರ ಕಟ್ಟಲು ತವರಿನಿಂದ ಹಾರಿಹೋಗುವಾಗ ಈ ಜಿರಲೆ ಅವಳ ಮೈಯನ್ನು ಹಿಡಿದುಕೊಂಡು ಜೊತೆಗೇ ಹೋಗುತ್ತದೆ. ಮದುಮಗಳ ದಿಬ್ಬಣದ ಗಾಡಿಯಲ್ಲಿ ಜಾಗ ಹಿಡಿದ ದೂರದ ನೆಂಟನಂತೆ!

ಇನ್ನು ಮೂರನೆಯ ಗುಂಪಿನ ಆದರದ ಅತಿಥಿಗಳು. 1818ರಲ್ಲಿ ಜರ್ಮನಿಯ ಮುಲ್ಲರ್ ಎಂಬವರು ಹಳದಿ ಇರುವೆಗಳ ಗೂಡಿನಲ್ಲಿರುವ ಎರಡು ಮಿಲಿಮೀಟರಿನಷ್ಟು ಚಿಕ್ಕ ಕುರುಡು ದುಂಬಿಯೊಂದರ ವಿಷಯ ಬರೆದರು. ಆ ದುಂಬಿಯ ಬೆನ್ನಿನ ಮೇಲೆ ಹೊಂಬಣ್ಣದ ಕೂದಲಿನ ಕುಚ್ಚುಗಳಿವೆ. ಇರುವೆಗಳು ಅವನ್ನು ಆಸೆಯಿಂದ ನೆಕ್ಕುತ್ತವೆ, ಪ್ರತಿಯಾಗಿ ದುಂಬಿಗೆ ಬಾಯಿಂದ ಬಾಯಿಗೆ ಆಹಾರ ಕೊಡುತ್ತವೆ. ಇರುವೆ ಪರಜಾತಿಯ ಜೀವಿಗೆ ಉಣಿಸುತ್ತದೆಂಬುದು ಅಂದಿನವರಿಗೆ ನಂಬಲಾಗದ ಸುದ್ದಿ.

ಯೂರೋಪಿನದೇ ಇನ್ನೊಂದು ದುಂಬಿ ಲೋಮೆಚೂಸ. ಇದರ ಗುಟ್ಟನ್ನು ಬರ್ಟ್ ಹಾಲ್ಡಾಬ್ಲರ್ ಎಂಬ ವಿಜ್ಞಾನಿ 1960ರ ದಶಕದ ಕೊನೆಯಿಂದ ಒಂದೊಂದಾಗಿ ಬಿಡಿಸಿದರು. ಗೂಡಿನ ಹತ್ತಿರ ಬಂದ ದುಂಬಿ ಎದುರಾದ ಇರುವೆಗೆ ಮೊದಲು ತನ್ನ ಹೊಟ್ಟೆಯ ತುದಿಯನ್ನು ಚಾಚುತ್ತದೆ. ಅಲ್ಲಿಯ ಗ್ರಂಥಿಯಿಂದ ಒಸರುವ ರಸವನ್ನು ನೆಕ್ಕಿದೊಡನೆ ಇರುವೆಯ ಸಿಟ್ಟು ಇಳಿಯುತ್ತದೆ. ಆಮೇಲೆ ಹೊಟ್ಟೆಯ ಮಗ್ಗುಲಲ್ಲಿರುವ ಬೇರೆ ಗ್ರಂಥಿಗಳ ಸರದಿ. ಅದನ್ನು ನೆಕ್ಕಿದ ಇರುವೆ ದುಂಬಿಯನ್ನು ತನ್ನ ಮಗುವೋ ಎಂಬಂತೆ ಎತ್ತಿಕೊಂಡು ಸೀದಾ ತೊಟ್ಟಿಲ ಕೋಣೆಗೆ ಕೊಂಡೊಯ್ಯುತ್ತದೆ. ಅಲ್ಲಿ ಹುಟ್ಟಿದ ದುಂಬಿಯ ಮರಿಗಳು ಇರುವೆ ಮರಿಗಳಂತೆಯೇ ತಲೆಯೆತ್ತಿ, ದಾದಿಯ ಬಾಯನ್ನು ಮುಟ್ಟಿ ಆಹಾರ ಬೇಡುತ್ತವೆ. ಬೇಡುವುದರಲ್ಲಿ ಅವುಗಳ ಆತುರ ಹೆಚ್ಚಾದ್ದರಿಂದ ಇರುವೆಯ ಸ್ವಂತ ಮರಿಗಳಿಗಿಂತ ಅವಕ್ಕೇ ಹೆಚ್ಚು ಪಾಲು ಸಿಗುತ್ತದೆ. ಅದೂ ಸಾಲದೆ ಪಕ್ಕದಲ್ಲಿರುವ ಇರುವೆ ಮರಿಗಳನ್ನೂ ಅವು ತಿನ್ನುತ್ತವೆ. ಹೀಗಾದರೆ ಗೂಡು ಉಳಿಯುವುದೆಂತು? ಆ ದುಂಬಿಯ ಮರಿಗಳು ತಮ್ಮ ಒಡಹುಟ್ಟಿದವರನ್ನೂ ಬಿಡದೆ ತಿನ್ನುತ್ತವೆ. ಆದ್ದರಿಂದ ಅವುಗಳ ಸಂಖ್ಯೆ ಮಿತಿ ಮೀರುವುದಿಲ್ಲ. ಇದರ ಒಂದು ಜಾತಿ ಚಳಿಗಾಲಕ್ಕೆ ಮನೆಯನ್ನೇ ಬದಲಾಯಿಸುತ್ತದೆ. ಬೇಸಗೆಯ ಮನೆಯ ಇರುವೆಗಳು ಚಳಿಗಾಲದಲ್ಲಿ ಮರಿಗಳನ್ನು ಬೆಳೆಸುವುದಿಲ್ಲ. ಆಗ ಅಲ್ಲಿ ಊಟಕ್ಕೆ ತತ್ವಾರ. ಚಳಿಗಾಲದಲ್ಲೂ ಮರಿಗಳನ್ನಿಟ್ಟುಕೊಳ್ಳುವ ಬೇರೆ ಜಾತಿಯ ಇರುವೆಯ ಗೂಡನ್ನು ವಾಸನೆಯಿಂದ ಹುಡುಕಿ ದುಂಬಿ ಅಲ್ಲಿ ಸೇರುತ್ತದೆ, ವಸಂತದಲ್ಲಿ ಹಿಂತಿರುಗುತ್ತದೆ. ಅಂದರೆ ಇದು ಎರಡು ಭಾಷೆ ಬಲ್ಲ ಅತಿಥಿ.

ಮೂರನೆಯದು ನಾದದ ಭಾಷೆ ಎಂದೆನಷ್ಟೆ. ಇರುವೆಗೂ ದನಿಯುಂಟೇ ಎಂದು ನಿಮಗೆ ಸಂದೇಹ ಬಂದೀತು. ಅನೇಕ ಜಾತಿಯ ಇರುವೆಗಳ ಸೊಂಟದ ಹತ್ತಿರ ಸಣ್ಣ ಗೀರುಗಳುಳ್ಳ ಅರದಂತಹ ಒಂದು ಭಾಗವೂ ಅದನ್ನು ಉಜ್ಜುವ ಒಂದು ಅಂಚೂ ಇವೆ. ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸಿದರೆ ಕಿರುಗುಟ್ಟುವ ಸದ್ದು ಹೊರಡುತ್ತದೆ. ಆಪತ್ತು ಬಂದಾಗ ಕೂಗಿ ಕರೆಯುವುದು ಹೀಗೆ. ರಾಣಿಯ ದನಿ ಆಳುಗಳ ದನಿಗಿಂತ ಬೇರೆ. ಯೂರೋಪಿನ ಹುಲ್ಲುಗಾವಲುಗಳ ಒಂದು ನೀಲಿ ಚಿಟ್ಟೆಯ ಮರಿ ಇರುವೆಯ ಗೂಡಿನಲ್ಲಿ ಬೆಳೆಯುತ್ತದೆ. ಅದರ ಸದ್ದೂ ಅದರ ಕೋಶದ ಸದ್ದೂ ರಾಣಿಯಿರುವೆಯ ದನಿಯನ್ನು ಹೋಲುತ್ತವೆಂದು 2009ರಲ್ಲಿ ಇಟಲಿ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಅವರು ಮಾಡಿದ್ದೇನು ಗೊತ್ತೆ? ಆ ಸದ್ದುಗಳನ್ನು ಧ್ವನಿಮುದ್ರಣ ಮಾಡಿ, ಪುಟಾಣಿ ಧ್ವನಿವರ್ಧಕಗಳ ಮೂಲಕ ಇರುವೆಗಳಿಗೇ ಕೇಳಿಸಿದರು. ನಮ್ಮ ನಿಮ್ಮ ಮನೆಯ ರೇಡಿಯೋವನ್ನು ಇರುವೆಯ ಅಳತೆಗೆ ಇಳಿಸಿದಂತೆ! ಕೋಶದ ದನಿ ಕೇಳಿದ ಇರುವೆಗಳು ರಾಣಿಯ ಸನ್ನಿಧಿಯಲ್ಲಿ ನಿಲ್ಲುವ ಹಾಗೆ ಧ್ವನಿವರ್ಧಕದ ಸುತ್ತ ಪಹರೆ ನಿಂತವು. ಗೂಡಿಗೆ ಅಪಾಯ ಬಂದಾಗ ತಮ್ಮ ಮರಿಗಳನ್ನು ಬಿಟ್ಟು ಈ ಕಂಬಳಿಹುಳುವನ್ನೇ ಇರುವೆಗಳು ಮೊದಲು ಹೊತ್ತೊಯ್ಯುವುದು ಏಕೆಂಬುದು ಇದರಿಂದ ಸ್ಪಷ್ಟವಾಯಿತು.

ಇದೆಲ್ಲ ಪರದೇಶದ ಮಾತೆಂದು ತಿಳಿಯಬೇಡಿ. ದೊಡ್ಡ ತಲೆಯ ಸಿಪಾಯಿಗಳುಳ್ಳ ಸಣ್ಣ ಇರುವೆಗಳು ನಮ್ಮ ಅಂಗಳಗಳಲ್ಲಿ ಧಾರಾಳವಾಗಿವೆ. ಇಂತಹ ಇರುವೆಗಳ ಗೂಡುಗಳಲ್ಲಿ ವಾಸಿಸುವ ಪಾಸಸ್ ಎಂಬ ದುಂಬಿಯ ಅನೇಕ ಜಾತಿಗಳು ನಮ್ಮ ದೇಶದಲ್ಲಿವೆ. ಅಗಲವಾಗಿ ಉಬ್ಬಿದ ವಿಚಿತ್ರವಾದ ಕುಡಿಮೀಸೆ ಅದರ ಗುರುತು. ಕೆಣಕಿದರೆ ಹಿಂಭಾಗದಿಂದ ಪಟ್ಟೆಂದು ಸುಡುವ ದ್ರವವನ್ನು ಸಿಡಿಸುತ್ತದೆ. ಗೂಡಿನೊಳಗೆ ಇರುವೆಗಳಿಂದ ನೆಕ್ಕಿಸಿಕೊಳ್ಳುತ್ತ ಅವುಗಳನ್ನೇ ಚುಚ್ಚಿ ಹೀರುತ್ತದೆ. ಯೂರೋಪಿನಲ್ಲಿರುವ ಇದರ ಬಂಧುವೊಂದು ಆಳಿನ, ಸಿಪಾಯಿಯ, ರಾಣಿಯ ದನಿಗಳನ್ನೆಲ್ಲ ಅನುಕರಿಸಬಲ್ಲದೆಂದು 2015ರಲ್ಲಿ ಪ್ರಕಟವಾಯಿತು.

ಮಾವಿನ ಮರದಲ್ಲಿ ಎಲೆಗಳನ್ನು ರೇಷ್ಮೆಯ ನೂಲಿನಿಂದ ಹೆಣೆದು ಗೂಡು ಕಟ್ಟುವ ಕೆಂಪಿರುವೆಯನ್ನು, ಮಲೆನಾಡಿನವರು ಚಗಳಿ ಎನ್ನುವ ಆ ಉಗ್ರ ಪ್ರಾಣಿಯನ್ನು, ಮರ ಹತ್ತಿದ ಹುಡುಗರಾರೂ ಮರೆಯಲಾರರು. ಅಂತಹ ಗೂಡಿನೊಳಗೂ ಒಂದು ಚಿಟ್ಟೆಯ ಮರಿ ಬೆಳೆಯುತ್ತದೆ. ಲಿಫೈರ ಎಂಬ ಈ ಚಿಟ್ಟೆ ನಮ್ಮ ದೇಶವೂ ಸೇರಿದಂತೆ ಆಸ್ಟ್ರೇಲಿಯದವರೆಗೆ ಇದೆ, ಆದರೆ ಕಣ್ಣಿಗೆ ಬೀಳುವುದು ಅಪರೂಪ. ಇದು ಭಾಷೆ ಕಲಿತು ಬಂದ ಅತಿಥಿಯಲ್ಲ. ಕವಚ ತೊಟ್ಟು ಬಂದ ದಾಳಿಕಾರ. ಮರಿಯ ಬೆನ್ನು ಆಮೆಯ ಚಿಪ್ಪಿನಂತೆ ಗಟ್ಟಿಯಾಗಿ, ಚಪ್ಪಟೆಯಾಗಿದ್ದು ಇರುವೆಯ ಹಲ್ಲು ನಾಟುವುದಿಲ್ಲ. ಆ ಚಿಪ್ಪಿನಡಿಯಲ್ಲಿ ಅದು ಇರುವೆ ಮರಿಗಳನ್ನು ತಿನ್ನುತ್ತ ಹೋಗುತ್ತದೆ. ಚಿಟ್ಟೆಯಾಗಿ ಹೊರಬರುವಾಗ ಕವಚವಿಲ್ಲವಲ್ಲ, ಆಗೇನು ಗತಿ? ಆಗ ಅದರ ಮೈತುಂಬ ಸಡಿಲವಾದ ಬಿಳಿಯ ಹುಡಿ ಇರುತ್ತದೆ. ಕಚ್ಚಲು ಬಂದ ಇರುವೆಯ ಬಾಯಿಗೂ ಮೀಸೆಗೂ ಅದು ಮೆತ್ತಿಕೊಳ್ಳುತ್ತದೆ. ಇರುವೆ ಅದನ್ನು ಒರೆಸಿಕೊಳ್ಳುತ್ತಿರುವಷ್ಟರಲ್ಲಿ ಚಿಟ್ಟೆ ಹೊರಗೆ ನಡೆದುಬಿಟ್ಟಿರುತ್ತದೆ.

ಇಷ್ಟು ಕೇಳಿದ ಮೇಲೆ, ಇದನ್ನೆಲ್ಲ ತಿಳಿದು ಆಗಬೇಕಾದ್ದೇನು ಎಂದು ಯಾರಾದರೂ ಕೇಳಿದರೆ ಅವರಿಗೆ ಇಂಗ್ಲೆಂಡಿನ ದೊಡ್ಡ ನೀಲಿ ಚಿಟ್ಟೆಯ ಕಥೆಯನ್ನು ಹೇಳಬೇಕು. ಮೇಲೆ ಹೇಳಿದ ನೀಲಿ ಚಿಟ್ಟೆಯ ಹತ್ತಿರದ ಬಂಧು ಇದು. ಇದರ ಮರಿ ಮೊದಲ ಎರಡು ಮೂರು ವಾರ ಒಂದು ಕಾಡುಗಿಡದ ಹೂವನ್ನು ತಿಂದು, ಆಮೇಲೆ ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಮುಂದೆ ಅದು ಎಲ್ಲಿ ಹೋಗುತ್ತದೆಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 1915ರ ಸುಮಾರಿಗೆ ಚಾಪ್ಮನ್, ಫ್ರೋಹಾಕ್, ಪ್ಯೂರ್‌ಫಾಯ್ ಎಂಬ ಮೂವರು ಆಸಕ್ತರು ಆ ಒಗಟನ್ನು ಬಿಡಿಸಿದರು. ನೆಲಕ್ಕೆ ಬಿದ್ದ ಮರಿ ಒಂದು ಸಿಹಿಯಾದ ಹನಿಯನ್ನು ಒಸರಿಸುತ್ತದೆ. ಅದನ್ನು ಕಂಡ ಕೆಂಪಿರುವೆ ಹನಿಯನ್ನು ಕುಡಿದು, ಮರಿಯನ್ನು ತನ್ನ ಮಗುವೆಂದು ಭ್ರಮಿಸಿ ಗೂಡಿಗೆ ಹೊತ್ತುಕೊಂಡು ಹೋಗುತ್ತದೆ. ಅಲ್ಲಿ ಸುಮಾರು ಹತ್ತು ತಿಂಗಳು ಇರುವೆ ಮರಿಗಳನ್ನು ತಿಂದು ಬೆಳೆದು, ಮುಂದಿನ ಬೇಸಗೆಯಲ್ಲಿ ಚಿಟ್ಟೆಯಾಗಿ ಹೊರಬೀಳುತ್ತದೆ.

ಈ ಚಿಟ್ಟೆಯ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಚಿಟ್ಟೆಗಳನ್ನು ಹಿಡಿದು ಸಂಗ್ರಹಿಸುವವರದೇ ತಪ್ಪೆಂದು ಜನ ಭಾವಿಸಿದರು. ಚಿಟ್ಟೆಯಿದ್ದ ಕೆಲವು ಹುಲ್ಲುಗಾವಲುಗಳಿಗೆ ಬೇಲಿ ಹಾಕಿಸಿದರು. ಬೇಲಿಯಿಂದ ಸಂಗ್ರಾಹಕರು ಹೊರಗುಳಿದರು; ಜೊತೆಗೆ ದನ, ಕುರಿಗಳೂ ಹೊರಗುಳಿದವು. ಆಶ್ಚರ್ಯವೆಂದರೆ ಅಲ್ಲಿಯ ಚಿಟ್ಟೆಗಳು ಇನ್ನೂ ಬೇಗ ಮರೆಯಾದವು. 1953ರಲ್ಲಿ ಮೊಲಗಳಿಗೆ ತಗುಲುವ ಒಂದು ಜಾಡ್ಯ ಬ್ರಿಟನ್ನಿಗೆ ಬಂದು ಮೊಲಗಳು ಲೆಕ್ಕವಿಲ್ಲದಷ್ಟು ಸತ್ತವು. ಆ ಮೇಲಂತೂ ಚಿಟ್ಟೆಯ ಅವನತಿ ತೀವ್ರವಾಯಿತು. ಮೊಲಕ್ಕೂ ಚಿಟ್ಟೆಗೂ ಏನು ಸಂಬಂಧ?

ಜೆರೆಮಿ ಥಾಮಸ್ ಎಂಬ ತರುಣ ವಿಜ್ಞಾನಿ 1970ರ ದಶಕದಲ್ಲಿ ಕೊನೆಯದಾಗಿ ಉಳಿದಿದ್ದ ಒಂದು ನೆಲೆಯಲ್ಲಿ ಬೇಸಗೆಗಳನ್ನು ಕಳೆದು, ಮೊಟ್ಟೆಯಿಂದ ಚಿಟ್ಟೆಯವರೆಗೆ ಒಂದೊಂದನ್ನೂ ಎಣಿಸಿ ಉತ್ತರವನ್ನು ಕಂಡುಹಿಡಿದರು. ಕೆಂಪಿರುವೆಗಳಲ್ಲಿ ಹಲವು ಜಾತಿಗಳಿವೆ. ಮರಿಯನ್ನು ಅವುಗಳಲ್ಲಿ ಯಾವುದಾದರೂ ಎತ್ತಿಕೊಂಡು ಹೋದೀತು. ಆದರೆ ಮರಿ ಚೆನ್ನಾಗಿ ಉಳಿದು ಬೆಳೆಯುವುದು ಒಂದೇ ಜಾತಿಯ ಇರುವೆಯ ಗೂಡಿನಲ್ಲಿ. ಆ ಇರುವೆಗೆ ಬೆಚ್ಚನೆಯ ನೆಲ ಬೇಕು. ಹುಲ್ಲನ್ನು ಮೊಲವೋ ದನವೋ ಬುಡಮಟ್ಟ ಮೇಯ್ದಿದ್ದರೆ ಬಿಸಿಲು ನೆಲಕ್ಕೆ ತಾಗುತ್ತದೆ. ಹುಲ್ಲು ಒಂದೆರಡು ಅಂಗುಲ ಹೆಚ್ಚಾಗಿ ಬೆಳೆದರೂ ನೆಲ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಆ ಇರುವೆ ಹೋಗಿ ತಂಪನ್ನು ಸಹಿಸುವ ಬೇರೆ ಜಾತಿ ಬಂದು ನೆಲಸುತ್ತದೆ. ಹುಲ್ಲುಗಾವಲು ಹಸಿರಾಗಿಯೇ ಇತ್ತು, ಹೂವೂ ಇತ್ತು, ಇರುವೆಯೂ ಇತ್ತು. ಆದರೆ ಚಿಟ್ಟೆಗೆ ಬೇಕಾದ ಇರುವೆ ಇರಲಿಲ್ಲ. ಈ ಗುಟ್ಟು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. 1979ರಲ್ಲಿ ದೊಡ್ಡ ನೀಲಿ ಚಿಟ್ಟೆ ಬ್ರಿಟನ್ನಿನಿಂದ ಪೂರ್ತಿ ಅಳಿಸಿಹೋಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ ಎಂಬುದು ಸಂತೋಷದ ಸಂಗತಿ. ಕಾರಣ ತಿಳಿದಿತ್ತಾದ್ದರಿಂದ ಪರಿಹಾರವೂ ತಿಳಿದಿತ್ತು. ಪೊದೆಗಳನ್ನು ಕಡಿಸಿ, ದನಕರುಗಳನ್ನು ಮತ್ತೆ ಮೇಯಲು ಬಿಟ್ಟು, ಮೊದಲು ಇರುವೆಯ ಮನೆಯನ್ನು ಸರಿಪಡಿಸಿದರು. 1983ರಲ್ಲಿ ಸ್ವೀಡನ್ ದೇಶದಿಂದ ಅದೇ ಜಾತಿಯ ಚಿಟ್ಟೆಯನ್ನು ತಂದು ಬಿಡುವ ಕೆಲಸ ಪ್ರಾರಂಭವಾಯಿತು. ಇಂದು ಇಂಗ್ಲೆಂಡಿನ ನೈಋತ್ಯ ಭಾಗದ ಹಲವಾರು ಗುಡ್ಡಗಳ ಮೇಲೆ ಜೂನ್ ತಿಂಗಳಲ್ಲಿ ಆ ನೀಲಿ ರೆಕ್ಕೆಗಳನ್ನು ಮತ್ತೆ ಕಾಣಬಹುದು. ಚಿಟ್ಟೆಯನ್ನು ಪ್ರೀತಿಸಿದವರು ಬೇಲಿ ಹಾಕಿ ಅದನ್ನು ಉಳಿಸಲಾರದೆ ಹೋದರು. ನೆಲಕ್ಕೆ ಮುಖವಿಟ್ಟು ಇರುವೆಯನ್ನು ಗುರುತಿಸಿದವರು ಉಳಿಸಿದರು. ಆತಿಥೇಯನನ್ನು ಅರಿಯದೆ ಅತಿಥಿಯನ್ನು ಕಾಪಾಡಲಾಗದು.

ಅಡಿಗೆಮನೆಗೆ ಬಂದ ಇರುವೆಯ ಸಾಲನ್ನು ನೀವು ಒರೆಸಬೇಡಿರೆಂದು ನಾನು ಹೇಳುವುದಿಲ್ಲ, ಸಕ್ಕರೆ ನಿಮ್ಮದು. ಆದರೆ ಹಿತ್ತಿಲ ಮೂಲೆಯ ಗೂಡಿಗೆ ಔಷಧಿ ಸುರಿಯುವ ಮೊದಲು ಒಂದು ಸಾರಿ ಯೋಚಿಸಿ. ಅಲ್ಲಿ ಸಾಯುವುದು ಇರುವೆ ಮಾತ್ರವಲ್ಲ, ಆ ಮನೆಯನ್ನೇ ನಂಬಿದ ಒಂದು ಚಿಕ್ಕ ಊರು. ಮಕ್ಕಳಿಗೆ ರಜೆಯಿರುವ ಒಂದು ಬೆಳಿಗ್ಗೆ, ತೋಟದ ಕಲ್ಲೊಂದನ್ನೋ ಹೂವಿನ ಕುಂಡವನ್ನೋ ಮೆಲ್ಲನೆ ಎತ್ತಿ, ಕೈಗೆ ಒಂದು ಭೂತಗನ್ನಡಿ ಕೊಟ್ಟು ಅವರನ್ನು ಕೂರಿಸಿ. ಇರುವೆಗಳು ಮರಿಗಳನ್ನು ಕಚ್ಚಿಕೊಂಡು ಓಡುವ ಆ ಗಡಿಬಿಡಿಯಲ್ಲಿ, ಇರುವೆಯಲ್ಲದ ಯಾವುದಾದರೂ ಪುಟ್ಟ ಜೀವಿ ಯಾರ ಅಂಜಿಕೆಯೂ ಇಲ್ಲದೆ ಅವುಗಳ ನಡುವೆಯೇ ಓಡಾಡುತ್ತಿದೆಯೇ ಎಂದು ಹುಡುಕಲು ಹೇಳಿ. ನೋಡಿಯಾದ ಮೇಲೆ ಕಲ್ಲನ್ನು ಇದ್ದಂತೆಯೇ ಇಡುವುದನ್ನು ಮಾತ್ರ ಮರೆಯಬೇಡಿ. ಅದು ಎಷ್ಟು ಜನರ ಮನೆಯ ಸೂರೋ, ನಮಗೇನು ಗೊತ್ತು!